ಕಾಲುವೆ ದಂಡೆಯಿಂದ ಕಡಲ ದಂಡೆಗೆ: ಫ್ರಾನ್ಸಿನಲ್ಲಿ ಒಬ್ಬರೇ ಸೈಕಲ್ ಪ್ರವಾಸ ಹೊರಡುವವರಿಗೆ

ಫ್ರಾನ್ಸಿನಲ್ಲಿ ಒಬ್ಬರೇ ಸೈಕಲ್ ಪ್ರವಾಸ ಮಾಡಬಹುದಾ, ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯಬೇಕು, ಸಸ್ಯಾಹಾರಿಗಳ ಗತಿ ಏನು ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಒಂದೊಂದೇ ಪ್ರಶ್ನೆಗೆ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಹೇಳಲಿರುವುದು ಪಶ್ಚಿಮ ಫ್ರಾನ್ಸಿನ ರೆದೋನ್ ಊರಿನಿಂದ ಲಾ ರೊಶೆಲ್‌ವರೆಗಿನ ದಾರಿ, ಇಲ್ಲಿ ದೂರಕ್ಕೆ ಹೆದರಬೇಕಾಗಿಲ್ಲ. ಘಟ್ಟ ಇಲ್ಲ, ದೊಡ್ಡ ಏರು ಇಲ್ಲ. ಜನ ಎಡವುವುದು ಹೊತ್ತಿನ ವಿಷಯದಲ್ಲಿ. ಸಮುದ್ರದ ಇಳಿತ ಎಷ್ಟು ಗಂಟೆಗೆ, ಅಂಗಡಿ ಯಾವಾಗ ಬಾಗಿಲು ಹಾಕುತ್ತದೆ, ನದಿ ದಾಟಿಸುವ ಕೊನೆಯ ದೋಣಿ ಯಾವುದು, ರೈಲಿನಲ್ಲಿ ಸೈಕಲ್‌ಗೆ ಜಾಗ ಇದೆಯಾ? ಜೊತೆಗಾರರು ಇದ್ದರೆ ಯಾರಾದರೊಬ್ಬರಿಗೆ ಇದು ನೆನಪಾಗುತ್ತದೆ. ಒಬ್ಬರೇ ಇದ್ದಾಗ ಎಲ್ಲವೂ ನಿಮ್ಮ ತಲೆಯಲ್ಲೇ ಇರಬೇಕು. ಅದಕ್ಕೇ ಈ ಲೇಖನದಲ್ಲಿ ಕಿಲೋಮೀಟರಿಗಿಂತ ಗಡಿಯಾರದ ಮಾತೇ ಜಾಸ್ತಿ.

1. ದಾರಿ ಆರಿಸಿಕೊಳ್ಳಿ

ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ 'ವೆಲೊಡಿಸೆ' ಎಂಬ ಸೈಕಲ್ ದಾರಿ ಇದೆ. ಉತ್ತರದ ರೊಸ್ಕೋಫ್ ಬಂದರಿನಿಂದ ಸ್ಪೇನ್ ಗಡಿಯ ಆಂದಾಯ್‌ವರೆಗೆ 1,200 ಕಿಲೋಮೀಟರಿಗೂ ಹೆಚ್ಚು. ನಾರ್ವೆಯಿಂದ ಪೋರ್ಚುಗಲ್‌ವರೆಗೆ ಹೋಗುವ 'ಯೂರೋವೆಲೊ 1' ದಾರಿಯ ಫ್ರೆಂಚ್ ತುಂಡು ಇದು. ಇಡೀ ದಾರಿಗೆ ತಿಂಗಳು ಬೇಕಾದೀತು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ನಡುವಿನ ಭಾಗ: ರೆದೋನ್ ಊರಿನಿಂದ ನಾಂತ್ ನಗರದವರೆಗೆ ಕಾಲುವೆ ಮತ್ತು ನದಿಯ ಜಾಡು, ಅಲ್ಲಿಂದ ಅಟ್ಲಾಂಟಿಕ್ ಕರಾವಳಿ ಹಿಡಿದು ಲಾ ರೊಶೆಲ್. ಸುಮಾರು 400 ಕಿ.ಮೀ. ದಿನಕ್ಕೆ 45–50 ಕಿ.ಮೀ. ತುಳಿದು, ಒಂದೆರಡು ದಿನ ವಿಶ್ರಾಂತಿ ಇಟ್ಟುಕೊಂಡರೆ 10–11 ದಿನಕ್ಕೆ ಆರಾಮಾಗಿ ಮುಗಿಯುತ್ತದೆ.

ಉತ್ತರದಿಂದ ದಕ್ಷಿಣಕ್ಕೇ ಹೋಗಿ. ಬೇಸಿಗೆಯಲ್ಲಿ ಕರಾವಳಿಯ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ವಾಯವ್ಯದಿಂದ ಬೀಸುತ್ತದೆ. ಸಪಾಟು ದಾರಿಯಲ್ಲಿ ಎದುರು ಗಾಳಿಯೇ ಏರು. ಅದನ್ನು ಬೆನ್ನಿಗೆ ಇಟ್ಟುಕೊಂಡರೆ ಅರ್ಧ ಕಷ್ಟ ಕಮ್ಮಿ.

ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಇಡೀ ಫ್ರಾನ್ಸೇ ಕಡಲಿಗೆ ಇಳಿದಿರುತ್ತದೆ. ಕ್ಯಾಂಪಿನಲ್ಲಿ ಜಾಗ ಸಿಗುವುದು ಕಷ್ಟ, ದರವೂ ಜಾಸ್ತಿ. ಜೂನ್‌ನಲ್ಲಿ ರಾತ್ರಿ 10 ಗಂಟೆಯ ತನಕ ಬೆಳಕಿರುತ್ತದೆ. ಒಬ್ಬರೇ ಹೋಗುವವರಿಗೆ ಇದು ದೊಡ್ಡ ಅನುಕೂಲ. ಪಂಕ್ಚರ್ ಆಗಿ ಎರಡು ಗಂಟೆ ಹೋದರೂ ಕತ್ತಲಾಗುವುದಿಲ್ಲ.

2. ವೀಸಾ ಮತ್ತು ವಿಮೆ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ ಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಅಲ್ಪಾವಧಿ ವೀಸಾ ಇದು. 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಪ್ರವಾಸಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮೊದಲು ಹಾಕಲೇಬೇಕು ಎಂಬುದು ನಿಯಮ, ಆದರೆ ಅಷ್ಟು ಕೊನೆಗೆ ಬಿಡಬೇಡಿ. ಬೇಸಿಗೆಗೆ ಹೋಗುವುದಾದರೆ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೇಗನೇ ದಿನ ಗೊತ್ತು ಮಾಡಿಕೊಳ್ಳಿ.

ಸೈಕಲ್ ಪ್ರವಾಸಿಗಳಿಗೆ ಬರುವ ತೊಡಕು ತಂಗುವ ಜಾಗದ ಪುರಾವೆ. 'ಎಲ್ಲಿ ಸಂಜೆಯಾಗುತ್ತೋ ಅಲ್ಲಿ ಮಲಗ್ತೀನಿ' ಅಂದರೆ ಅರ್ಜಿಯಲ್ಲಿ ನಡೆಯುವುದಿಲ್ಲ. ಪ್ರತಿ ರಾತ್ರಿಗೂ ರದ್ದು ಮಾಡಬಹುದಾದ ಬುಕಿಂಗ್ ಮಾಡಿ, ದಿನವಾರು ಪಟ್ಟಿ ಬರೆದು, ಸೈಕಲ್ ಪ್ರವಾಸ ಎಂದು ಪತ್ರದಲ್ಲಿ ನೇರವಾಗಿ ತಿಳಿಸಿ. ಕ್ಯಾಂಪಿನ ಬುಕಿಂಗನ್ನೂ ಇದೇ ಪಟ್ಟಿಗೆ ಸೇರಿಸಿ.

ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಇರಬೇಕು. ಇಲ್ಲಿ ಒಂದು ಎಚ್ಚರಿಕೆ: ಕೆಲವು ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ. ಬಹುದಿನದ ಸೈಕಲ್ ಪ್ರವಾಸಕ್ಕೆ ರಕ್ಷಣೆ ಇದೆಯೇ ಎಂದು ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ. ಫೋನಿನಲ್ಲಿ 'ಇದೆ ಸರ್' ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ.

3. ಸೈಕಲ್: ಒಯ್ಯಬೇಕೋ, ಬಾಡಿಗೆಗೆ ಪಡೆಯಬೇಕೋ?

ಹತ್ತು ಹನ್ನೊಂದು ದಿನದ ಪ್ರವಾಸವಾದರೆ ಬಾಡಿಗೆಯೇ ವಾಸಿ. ಒಂದು ಊರಿನಲ್ಲಿ ತೆಗೆದುಕೊಂಡು ಇನ್ನೊಂದು ಊರಿನಲ್ಲಿ ಬಿಡುವ ವ್ಯವಸ್ಥೆ ಈ ದಾರಿಯಲ್ಲಿ ಸಿಗುತ್ತದೆ. ವಾಪಸ್ ಒಯ್ಯುವ ಶುಲ್ಕ ಬೇರೆ ಇರುತ್ತದೆ, ಮೊದಲೇ ಕೇಳಿ.

ನಿಮ್ಮದೇ ಸೈಕಲ್ ಬೇಕು ಅನ್ನುವವರು ಡಬ್ಬದಲ್ಲಿ ಪ್ಯಾಕ್ ಮಾಡಿ ವಿಮಾನಕ್ಕೆ ಹಾಕಬೇಕು. ಬ್ಯಾಟರಿ ಸೈಕಲ್ ಒಯ್ಯುವ ಯೋಚನೆ ಬಿಡಿ, ಅಷ್ಟು ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕ ವಿಮಾನಗಳು ಒಪ್ಪುವುದಿಲ್ಲ. ಒಲೆಯ ಗ್ಯಾಸ್ ಡಬ್ಬಿಗೂ ಅದೇ ಮಾತು. ಅಲ್ಲೇ ಕೊಳ್ಳಿ.

ಟಯರು ತೀರಾ ಸಪೂರ ಬೇಡ. ಕಾಲುವೆ ದಂಡೆಯ ದಾರಿ ಬಹುಪಾಲು ಗಟ್ಟಿ ಮಾಡಿದ ಜಲ್ಲಿಮಣ್ಣು. ಮಳೆ ಬಂದರೆ ಕೆಸರು ಮೆತ್ತಿಕೊಳ್ಳುತ್ತದೆ. 35ರಿಂದ 40 ಮಿಲಿಮೀಟರ್ ಅಗಲ ಸರಿ. ಟ್ಯೂಬಿನ ವಾಲ್ವ್ ಯಾವ ಬಗೆಯದು ನೋಡಿಕೊಳ್ಳಿ. ಅಲ್ಲಿ ಹಲವು ಸೈಕಲ್‌ಗಳಿಗೆ ತುದಿಯಲ್ಲಿ ಪುಟ್ಟ ತಿರುಪು ಇರುವ ಸಪೂರ 'ಪ್ರೆಸ್ಟಾ' ವಾಲ್ವ್ ಇರುತ್ತದೆ. ನಮ್ಮ ಊರಿನ ಮಾಮೂಲಿ ಪಂಪು ಅದಕ್ಕೆ ಕೂರುವುದಿಲ್ಲ. ಪಂಪು, ಎರಡು ಟ್ಯೂಬು, ಟಯರ್ ಬಿಚ್ಚುವ ಲಿವರ್, ಅಲೆನ್ ಕೀ, ಚೈನ್ ಎಣ್ಣೆ ಇಷ್ಟು ಬ್ಯಾಗಿನಲ್ಲಿ ಇರಲಿ. ಹೊರಡುವ ಮುಂಚೆ ಮನೆಯಲ್ಲೇ ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಿಸಿ ನೋಡಿ. ಯಾರ ಸಹಾಯವೂ ಇಲ್ಲದೆ ನೀವೇ ಮಾಡಬೇಕು. ಇದು ಬಂದರೆ ಒಂಟಿ ಪ್ರವಾಸದ ಅರ್ಧ ಭಯ ಅಲ್ಲೇ ಹೋಯಿತು.

4. ರೈಲಿನಲ್ಲಿ ಸೈಕಲ್

ಪ್ಯಾರಿಸ್‌ನ ಮೊಂಪರ್ನಾಸ್ ನಿಲ್ದಾಣದಿಂದ ರೆದೋನ್‌ಗೆ 'ತೇಜೇವೇ', ಅಂದರೆ ಅತಿವೇಗದ ರೈಲು ಇದೆ. ಲಾ ರೊಶೆಲ್‌ನಿಂದ ವಾಪಸ್ ಬರುವುದೂ ಇದೇ ನಿಲ್ದಾಣಕ್ಕೆ. ಎಲ್ಲ ತೇಜೇವೇಗಳಲ್ಲೂ ಸೈಕಲ್‌ಗೆ ಜಾಗ ಇರುವುದಿಲ್ಲ. ಇರುವ ರೈಲಿನಲ್ಲೂ ಕೆಲವೇ ಕೊಕ್ಕೆಗಳಿರುತ್ತವೆ, ಮೊದಲೇ ಹಣ ಕೊಟ್ಟು ಕಾಯ್ದಿರಿಸಬೇಕು. ನಿಮ್ಮ ಟಿಕೆಟ್ ಮೊದಲು ತೆಗೆದು ಸೈಕಲ್ ಟಿಕೆಟ್ ಆಮೇಲೆ ನೋಡೋಣ ಅಂದುಕೊಂಡವರು ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೇ ತೆಗೆದುಕೊಳ್ಳಿ. ಚಕ್ರ ಬಿಚ್ಚಿ 130×90 ಸೆಂ.ಮೀ. ಒಳಗಿನ ಚೀಲಕ್ಕೆ ತುಂಬಿದರೆ ಅದು ಲಗೇಜ್ ಆಗುತ್ತದೆ.

'ತೆಎರ್' ಎಂಬ ಪ್ರಾದೇಶಿಕ ರೈಲುಗಳು ಇನ್ನೂ ಸುಲಭ. ಹೆಚ್ಚಿನ ಕಡೆ ಸೈಕಲ್ ಹಾಗೇ ಹತ್ತಿಸಬಹುದು, ಬೇಸಿಗೆಯಲ್ಲಿ ಮಾತ್ರ ಕೆಲವು ಮಾರ್ಗಗಳಲ್ಲಿ ಕಾಯ್ದಿರಿಸಬೇಕು.

5. ರಸ್ತೆ ನಿಯಮ: ಬಲಗಡೆ, ಬಲಗಡೆ, ಬಲಗಡೆ

ಅಲ್ಲಿ ಓಡಾಟ ಬಲಬದಿಯಲ್ಲಿ. ಮೊದಲ ದಿನ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅಪಾಯ ಬರುವುದು ಮೂರನೆಯ, ನಾಲ್ಕನೆಯ ದಿನ. ಬೆಳಗ್ಗೆ ಖಾಲಿ ಹಳ್ಳಿ ರಸ್ತೆಗೆ ಇಳಿಯುವಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತದೆ. ಹ್ಯಾಂಡಲ್ ಮೇಲೆ ಬಲಕ್ಕೆ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿಕೊಳ್ಳಿ.

ಗುರುತು ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಸಣ್ಣ ಗಲ್ಲಿಯಿಂದ ಬರುವ ಕಾರಿಗೂ ಈ ಹಕ್ಕು ಇದೆ. ವೃತ್ತಗಳಲ್ಲಿ ಸಾಮಾನ್ಯವಾಗಿ ಒಳಗೆ ಸುತ್ತುತ್ತಿರುವವರಿಗೆ ಮೊದಲ ಹಕ್ಕು, ಅವರು ನಿಮ್ಮ ಎಡದಿಂದ ಬರುತ್ತಾರೆ.

ಸೈಕಲ್ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು ಅಲ್ಲಿ ಅಪರಾಧ. ಫೋನ್ ಕೈಯಲ್ಲಿ ಹಿಡಿಯುವುದೂ ಅಷ್ಟೇ. ದಂಡ 135 ಯೂರೋ. ರಾತ್ರಿ ಅಥವಾ ಮಂಜಿನಲ್ಲಿ ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಕಡ್ಡಾಯ ಇರುವುದು 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ, ಆದರೂ ಹಾಕಿಕೊಳ್ಳಿ.

6. ರೆದೋನ್‌ನಿಂದ ನಾಂತ್: ಕಾಲುವೆ

ಇದು ನಾಂತ್–ಬ್ರೆಸ್ಟ್ ಕಾಲುವೆಯ ಕೊನೆಯ ಭಾಗ. ಇಂಗ್ಲಿಷ್ ಹಡಗುಗಳು ಬ್ರೆಸ್ಟ್ ಬಂದರಿನ ಕಡಲದಾರಿ ತಡೆದಾಗ, ಸಾಮಾನು ಸಾಗಿಸಲು ಒಳನಾಡಿನ ಜಲಮಾರ್ಗ ಬೇಕೆಂದು ನೆಪೋಲಿಯನ್ ಕಾಲದಲ್ಲಿ ಹಾಕಿದ ಯೋಜನೆ. 1811ರಲ್ಲಿ ಕೆಲಸ ಶುರುವಾಗಿ 1842ರಲ್ಲಿ ಮುಗಿಯಿತು. ಸುಮಾರು 360 ಕಿ.ಮೀ. ಉದ್ದ. ನಮ್ಮ ನಾಲೆಗಳಂತೆ ಗದ್ದೆಗೆ ನೀರುಣಿಸಲು ತೋಡಿದ್ದಲ್ಲ, ದೋಣಿ ಓಡಿಸಲು ತೋಡಿದ್ದು. ನೀವು ಸೈಕಲ್ ತುಳಿಯುವ ದಂಡೆಯ ದಾರಿಗೆ 'ಶೆಮಾಂ ದ ಹಲಾಜ್' ಎನ್ನುತ್ತಾರೆ. ಹಿಂದೆ ಕುದುರೆಗಳು ಈ ದಾರಿಯಲ್ಲಿ ನಡೆದು ಹಗ್ಗದಿಂದ ದೋಣಿ ಎಳೆಯುತ್ತಿದ್ದವು. ದಾರಿ ಇಷ್ಟು ಸಪಾಟಾಗಿರುವುದು ಅದಕ್ಕೇ.

ನಡುನಡುವೆ 'ಎಕ್ಲೂಜ್' ಸಿಗುತ್ತವೆ. ನೀರಿನ ಮಟ್ಟ ಬದಲಾಗುವ ಕಡೆ ದೋಣಿಯನ್ನು ಏರಿಸಿ ಇಳಿಸುವ ಕಲ್ಲಿನ ತೊಟ್ಟಿ ಅದು. ಎರಡು ಕಡೆಯೂ ಬಾಗಿಲು. ದೋಣಿಯೊಂದು ಬರುತ್ತಿದ್ದರೆ ಸೈಕಲ್ ನಿಲ್ಲಿಸಿ ನೋಡಿ. ದೋಣಿ ಒಳಗೆ ಬಂದು ಹಿಂದಿನ ಬಾಗಿಲು ಮುಚ್ಚುತ್ತದೆ. ಕಾವಲಿನವರು ಹಿಡಿಕೆ ತಿರುಗಿಸುತ್ತಾರೆ, ಮುಂದಿನ ಬಾಗಿಲ ಬುಡದ ಸಣ್ಣ ಕಿಂಡಿ ತೆರೆದು ನೀರು ಕುದಿಯುವಂತೆ ಒಳನುಗ್ಗುತ್ತದೆ. ದೋಣಿ ಅಲುಗಾಡುತ್ತಾ ಮೇಲೇಳುತ್ತದೆ. ಎರಡೂ ಕಡೆ ನೀರು ಸಮವಾಗುವ ತನಕ ಮುಂದಿನ ಬಾಗಿಲು ಎಷ್ಟು ದಬ್ಬಿದರೂ ಜಪ್ಪಯ್ಯ ಅನ್ನುವುದಿಲ್ಲ. ಸಮವಾದ ಮೇಲೆ ಒಬ್ಬರೇ ನೂಕಿದರೂ ತೆರೆದುಕೊಳ್ಳುತ್ತದೆ. ಇನ್ನೂರು ವರ್ಷದ ಹಿಂದಿನ ಈ ಲೆಕ್ಕಾಚಾರ ನೋಡುವುದಕ್ಕೇ ಈ ದಾರಿಗೆ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲ ರಾತ್ರಿಗೆ ಬ್ಲಾಂ ಊರು ಸರಿಯಾದ ದೂರ, ಎರಡನೆಯ ದಿನ ನಾಂತ್. ಎರಡೂ ದಿನ 50 ಕಿ.ಮೀ. ಆಸುಪಾಸು.

ಎಚ್ಚರಿಕೆ: ನಾಂತ್‌ವರೆಗೂ ನೀರಿನ ಪಕ್ಕದಲ್ಲೇ ಹೋಗುತ್ತೇವೆ ಅಂದುಕೊಳ್ಳಬೇಡಿ. ನೋರ್-ಸ್ಯೂರ್-ಎರ್ದ್ರ್ ಹತ್ತಿರ ಕಾಲುವೆ ಎರ್ದ್ರ್ ನದಿಗೆ ಸೇರುತ್ತದೆ. ಅಲ್ಲಿಂದ ದಾರಿ ಹಳ್ಳಿ ರಸ್ತೆಗಳ ಮೇಲೆ, ಸಣ್ಣಪುಟ್ಟ ಏರಿಳಿತ. ಆ ದಿನ ಸ್ವಲ್ಪ ಬೇಗ ಹೊರಡಿ.

ಒಂದು ದಿನ ನಾಂತ್‌ನಲ್ಲಿ ನಿಲ್ಲಿ. 12 ಮೀಟರ್ ಎತ್ತರದ ಯಂತ್ರದ ಆನೆ ಜನರನ್ನು ಹೊತ್ತು ಅಲ್ಲಿನ ದ್ವೀಪದ ಬೀದಿಯಲ್ಲಿ ನಡೆಯುತ್ತದೆ, ಸೊಂಡಿಲಿನಿಂದ ನೀರೆರಚುತ್ತದೆ.

7. ನಾಂತ್‌ನಿಂದ ಕಡಲಿಗೆ

ಲ್ವಾರ್ ನದಿಯ ಉತ್ತರ ದಂಡೆಯಲ್ಲಿ ಕ್ವೆರೋನ್‌ವರೆಗೆ ಹೋಗಿ, ಅಲ್ಲಿ 'ಬಾಕ್' ಹತ್ತಿ ಲೆ ಪೆಲ್ರಾಂಗೆ ದಾಟಬೇಕು. ಬಾಕ್ ಅಂದರೆ ವಾಹನಗಳನ್ನೂ ದಾಟಿಸುವ ಚಪ್ಪಟೆ ದೋಣಿ. ಸೈಕಲ್‌ಗೆ ಹಣ ಇಲ್ಲ. ಸಮಯಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಆಚೆ ದಡದಲ್ಲಿ 15 ಕಿ.ಮೀ. ಉದ್ದದ ಮಾರ್ತಿನಿಯೇರ್ ಕಾಲುವೆ. 19ನೆಯ ಶತಮಾನದ ಕೊನೆಯಲ್ಲಿ ದೊಡ್ಡ ಹಡಗುಗಳಿಗಾಗಿ ತೋಡಿದ್ದು. ಈಗ ಅಲ್ಲಿ ಹಡಗುಗಳಿಲ್ಲ, ಗಾಳ ಹಾಕಿ ಕೂತವರಿರುತ್ತಾರೆ.

ಸಾಂ-ಬ್ರೆವಾಂನಲ್ಲಿ ಸಮುದ್ರ ಸಿಗುತ್ತದೆ. ಅಲ್ಲೇ ಮರಳಿನ ಮೇಲೆ ಕಲಾವಿದ ಹುವಾಂಗ್ ಯೊಂಗ್ ಪಿಂಗ್ 2012ರಲ್ಲಿ ಮಾಡಿದ ಹಾವಿನ ಲೋಹದ ಅಸ್ಥಿಪಂಜರ ಇದೆ. ಸುಮಾರು 130 ಮೀಟರ್ ಉದ್ದ. ಇಳಿತದಲ್ಲಿ ಪೂರ್ತಿ ಕಾಣುತ್ತದೆ, ಉಬ್ಬರದಲ್ಲಿ ನೀರು ಅದರ ಪಕ್ಕೆಲುಬುಗಳ ನಡುವೆ ಆಡುತ್ತದೆ. ಈ ಕರಾವಳಿಯಲ್ಲಿ ಉಬ್ಬರ–ಇಳಿತದ ಅಂತರ ನಮ್ಮ ಕಾರವಾರ, ಮಲ್ಪೆಗಿಂತ ತುಂಬಾ ದೊಡ್ಡದು. ಅದನ್ನು ಇಲ್ಲೇ ಕಣ್ಣಾರೆ ನೋಡಿ ಮನಸ್ಸಿಗೆ ತಂದುಕೊಳ್ಳಿ, ಮುಂದಿನ ಹಂತಕ್ಕೆ ಬೇಕಾಗುತ್ತದೆ.

8. ಗ್ವಾ ದಾಟುವುದು: ಇದನ್ನು ಎರಡು ಸಲ ಓದಿ

ಪೋರ್ನಿಕ್ ದಾಟಿ ದಕ್ಷಿಣಕ್ಕೆ ಹೋದರೆ ಬೋವ್ವಾರ್-ಸ್ಯೂರ್-ಮೇರ್ ಹತ್ತಿರ 'ಪಾಸಾಜ್ ದ್ಯು ಗ್ವಾ' ಸಿಗುತ್ತದೆ. ನ್ವಾರ್ಮೂತಿಯೆ ದ್ವೀಪಕ್ಕೆ ಸಮುದ್ರದ ತಳದ ಮೇಲೆಯೇ ಹೋಗುವ, 4 ಕಿ.ಮೀ.ಗಿಂತ ಸ್ವಲ್ಪ ಉದ್ದದ ರಸ್ತೆ. ದಿನಕ್ಕೆ ಎರಡು ಸಲ ಇದು ಪೂರ್ತಿ ಮುಳುಗುತ್ತದೆ. ಉಬ್ಬರದಲ್ಲಿ ಕೆಲವೆಡೆ 4 ಮೀಟರ್‌ವರೆಗೆ ನೀರು ನಿಲ್ಲುತ್ತದೆ.

ದಾಟಬಹುದಾದ ಹೊತ್ತು: ಇಳಿತದ ತಳ ಮುಟ್ಟುವ ಸಮಯಕ್ಕೆ ಒಂದೂವರೆ ಗಂಟೆ ಮುಂಚಿನಿಂದ ಒಂದೂವರೆ ಗಂಟೆ ನಂತರದವರೆಗೆ. ಈ ಸಮಯ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆಯ ಹೊತ್ತು ಇವತ್ತಿಗೆ ಆಗುವುದಿಲ್ಲ. ಕೆಲವು ಉಬ್ಬರಪಟ್ಟಿಗಳು ಚಳಿಗಾಲದ ಗಡಿಯಾರದಲ್ಲೇ ಅಚ್ಚಾಗಿರುತ್ತವೆ. ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಸೇರಿಸಬೇಕು. ಹಾಗಾಗಿ ರಸ್ತೆಯ ತುದಿಯಲ್ಲಿ ಹಾಕಿರುವ ಫಲಕವನ್ನೇ ನಂಬಿ. ಜೋರು ಗಾಳಿ ಇದ್ದರೆ ನೀರು ಬೇಗ ಏರುತ್ತದೆ, ಆ ದಿನ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ.

ಒಬ್ಬರೇ ಇರುವವರಿಗೆ ನನ್ನ ಸಲಹೆ: ನೀರು ಇನ್ನೂ ಇಳಿಯುತ್ತಿರುವಾಗ, ಅಂದರೆ ಅವಧಿಯ ಮೊದಲ ಅರ್ಧದಲ್ಲೇ ದಾಟಿಬಿಡಿ. ನಡುವೆ ಪಂಕ್ಚರ್ ಆದರೂ ಕೈಯಲ್ಲಿ ಸಮಯ ಇರುತ್ತದೆ. ರಸ್ತೆ ಪಕ್ಕದಲ್ಲಿ ಅಲ್ಲಲ್ಲಿ ಎತ್ತರದ ಮರದ ಕಂಬಗಳಿವೆ, ಮೇಲೆ ಅಟ್ಟ ಇದೆ. ನೀರು ಸುತ್ತುವರಿದರೆ ಸೈಕಲ್ ಬಿಟ್ಟು ಹತ್ತಬೇಕಾದದ್ದು ಅದಕ್ಕೆ. ಸೈಕಲ್ ಹೋದರೆ ಹೋಗಲಿ.

ಕಲ್ಲು ಹಾಸಿದ ಭಾಗ ಪಾಚಿಯಿಂದ ಜಾರುತ್ತದೆ. 1999ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಇಲ್ಲಿ ಹಾದಾಗ ಸವಾರರ ದೊಡ್ಡ ಗುಂಪೇ ಬಿದ್ದು, ಸ್ವಿಸ್ ಸವಾರ ಅಲೆಕ್ಸ್ ಜ್ಯೂಲೆ 6 ನಿಮಿಷಕ್ಕೂ ಹೆಚ್ಚು ಹಿಂದುಳಿದರು. ನಿಧಾನಕ್ಕೆ ಹೋಗಿ, ಬ್ರೇಕನ್ನು ಥಟ್ಟನೆ ಹಿಡಿಯಬೇಡಿ. ಆಚೆ ಸೇರಿದ ಕೂಡಲೇ ಚೈನಿಗೆ ಸಿಹಿನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಬಿಡಿ. ಇಲ್ಲದಿದ್ದರೆ ಉಪ್ಪಿಗೆ ಮಾರನೆಯ ದಿನವೇ ತುಕ್ಕು ಕಾಣುತ್ತದೆ.

ಹೊತ್ತು ಕೂಡಿಬರದಿದ್ದರೆ ಸುಮ್ನೆ ಧೈರ್ಯ ತೋರಿಸಲು ಹೋಗಬೇಡಿ. ದ್ವೀಪಕ್ಕೆ 1971ರಿಂದ ಸೇತುವೆ ಇದೆ. ಗ್ವಾ ದಾಟಿ ಹೋದವರೂ ವಾಪಸ್ ಬರುವುದು ಅದರ ಮೇಲೆಯೇ.

9. ವಾಂದೆ ಕರಾವಳಿಯಿಂದ ಲಾ ರೊಶೆಲ್

ಇಲ್ಲಿಂದ ಪೈನ್ ಕಾಡು, ಮರಳು ದಿಬ್ಬ, ಉಪ್ಪಿನ ಗದ್ದೆ. ಕಾಡಿನ ದಾರಿಯಲ್ಲಿ ಅಲ್ಲಲ್ಲಿ ಮರಳು ಹರಡಿರುತ್ತದೆ, ತಿರುವಿನಲ್ಲಿ ಜೋಪಾನ. ಸಾಂ-ಜಿಲ್ ಸಾರ್ಡೀನ್ ಮೀನಿಗೆ ಹೆಸರಾದ ಊರು. ಲೆ ಸಾಬ್ಲ್-ದೊಲೋನ್‌ನಿಂದ ನಾಲ್ಕು ವರ್ಷಕ್ಕೊಮ್ಮೆ 'ವಾಂದೆ ಗ್ಲೋಬ್' ಹೊರಡುತ್ತದೆ. ಒಬ್ಬರೇ, ಎಲ್ಲೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಪಂದ್ಯ. ಬಂದರಿನ ಕಟ್ಟೆಯ ಮೇಲೆ ಒಂದು ಸಂಜೆ ಕೂತು ಬನ್ನಿ.

ಮುಂದೆ ಪೊಯ್ತೆವಾಂ ಜೌಗು ಬಯಲು. ಮರವಿಲ್ಲ, ಮರೆಯಿಲ್ಲ, ಗಾಳಿಯೋ ಗಾಳಿ. ಇಡೀ ದಾರಿಯಲ್ಲಿ ಬೇಸರ ಬರುವ ಭಾಗ ಇದೊಂದೇ. ನೀರು ತುಂಬಿಕೊಂಡು ಬೆಳಗ್ಗೆಯೇ ಮುಗಿಸಿ. ಮಾರಾಂ ಸೇರಿದರೆ ಮತ್ತೆ ಕಾಲುವೆ. ನೇರವಾಗಿ, ಹೆಚ್ಚಿನ ಕಡೆ ಮರಗಳ ನೆರಳಲ್ಲಿ, ಸುಮಾರು 25 ಕಿ.ಮೀ. ಅದು ನಿಮ್ಮನ್ನು ಲಾ ರೊಶೆಲ್ ಊರೊಳಗೇ ತಂದು ಬಿಡುತ್ತದೆ.

10. ಊಟ, ನೀರು, ನಿದ್ದೆ

ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಸುಮಾರು 12ರಿಂದ 2ರವರೆಗೆ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗುವುದಿಲ್ಲ, ಸೋಮವಾರವೂ ಹಲವು ಕಡೆ ರಜೆ. ಹೋಟೆಲುಗಳಲ್ಲಿ ಊಟ 12ರಿಂದ 2, ಮತ್ತೆ ಸಂಜೆ 7ರ ಮೇಲೆ. 3 ಗಂಟೆಗೆ ಹಸಿದು ಹೋದರೆ ಕಾಫಿ ಬಿಟ್ಟು ಬೇರೇನೂ ಸಿಗದೆ ಇರಬಹುದು. ಶನಿವಾರವೇ ಎರಡು ದಿನದ್ದು ಕೊಂಡಿಟ್ಟುಕೊಳ್ಳಿ. ಹುರಿದ ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿದ್ದರೆ ಇಂಥ ಭಾನುವಾರ ಪಾರಾಗಬಹುದು.

ಸಸ್ಯಾಹಾರಿಗಳಿಗೆ ಈ ಸೀಮೆಯ ದೊಡ್ಡ ಆಸರೆ 'ಗಾಲೆತ್'. ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ, ನಮ್ಮ ದೋಸೆಯಂಥ ತೆಳು ಖಾದ್ಯ. ಒಳಗೆ ಚೀಸ್, ಅಣಬೆ, ಈರುಳ್ಳಿ ಹಾಕಿಸಿಕೊಳ್ಳಿ. 'ಕೊಂಪ್ಲೆತ್' ಎಂದು ಬರೆದಿದ್ದರೆ ಅದರಲ್ಲಿ ಹಂದಿಮಾಂಸ ಇರುತ್ತದೆ. ಸಲಾಡ್‌ಗೂ 'ಲಾರ್ದೋಂ', ಅಂದರೆ ಹಂದಿಮಾಂಸದ ಚೂರು ಉದುರಿಸುವುದುಂಟು. 'ಸಾಂ ವಿಯಾಂದ್, ಸಾಂ ಜಾಂಬೋಂ, ಸಾಂ ಪ್ವಾಸೋಂ' ಅನ್ನಿ: ಮಾಂಸ ಬೇಡ, ಹ್ಯಾಮ್ ಬೇಡ, ಮೀನು ಬೇಡ. ಬರೀ ಸಸ್ಯಾಹಾರಿ ಅಂದರೆ ಕೆಲವರು ಮೀನು ತಂದಿಡುತ್ತಾರೆ. ಎಲ್ಲಕ್ಕಿಂತ ಮೊದಲು 'ಬೋಂಜೂರ್' ಹೇಳಿ. ನಮಸ್ಕಾರ ಹೇಳದೆ ನೇರ ಕೇಳುವುದು ಅಲ್ಲಿ ಒರಟುತನ.

ನೀರು ಖಾಲಿಯಾಗಿ ಅಂಗಡಿಯೂ ಇಲ್ಲದಿದ್ದರೆ ಹಳ್ಳಿಯ ಸ್ಮಶಾನಕ್ಕೆ ಹೋಗಿ. ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. ನಮಗೆ ಸ್ವಲ್ಪ ಇರುಸುಮುರುಸು, ಆದರೆ ಅಲ್ಲಿನ ಸೈಕಲ್ ಸವಾರರೆಲ್ಲ ಮಾಡುವುದು ಇದನ್ನೇ. 'ನೋಂ ಪೊತಾಬ್ಲ್' ಎಂಬ ಫಲಕ ಇದ್ದರೆ ಮಾತ್ರ ಕುಡಿಯಬೇಡಿ.

ತಂಗಲು ಊರಿನ ಆಡಳಿತವೇ ನಡೆಸುವ 'ಕಾಂಪಿಂಗ್ ಮ್ಯುನಿಸಿಪಾಲ್' ಅಗ್ಗ, ಚೊಕ್ಕ. 'ಅಕೇಯ್ ವೆಲೊ' ಫಲಕ ಇರುವ ಹೋಟೆಲು, ಕ್ಯಾಂಪುಗಳು ಸೈಕಲ್ ದಾರಿಯಿಂದ 5 ಕಿ.ಮೀ. ಒಳಗಿರುತ್ತವೆ. ಸೈಕಲ್ ಇಡಲು ಭದ್ರ ಜಾಗ, ರಿಪೇರಿ ಸಾಮಾನು ಅಲ್ಲಿರುತ್ತದೆ. ಕ್ಯಾಂಪಿನ ಕಚೇರಿ ಸಂಜೆಯೇ ಮುಚ್ಚುವುದರಿಂದ ತಡವಾದರೆ ಫೋನ್ ಮಾಡಿ ಹೇಳಿ. ಕಡಲತೀರದಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ.

11. ಒಬ್ಬರೇ ಇರುವುದಕ್ಕೆ ಸಂಬಂಧಪಟ್ಟದ್ದು

ಕಳ್ಳರಿಗಿಂತ ದೊಡ್ಡ ತಲೆನೋವು ಲಗೇಜು. ಅಂಗಡಿಗೆ, ಶೌಚಾಲಯಕ್ಕೆ ಹೋದಾಗ ಸೈಕಲ್ ನೋಡಿಕೊಳ್ಳುವವರಿಲ್ಲ. ಪಾಸ್‌ಪೋರ್ಟ್, ಹಣ, ಫೋನು, ಚಾರ್ಜರ್ ಎಲ್ಲ ಹ್ಯಾಂಡಲ್ ಮೇಲಿನ ಪುಟ್ಟ ಬ್ಯಾಗಿನಲ್ಲಿ ಇರಲಿ. ಇಳಿದ ಕೂಡಲೇ ಅದನ್ನು ಕಳಚಿ ಹೆಗಲಿಗೆ ಹಾಕಿಕೊಳ್ಳಿ. ಹಳ್ಳಿಯಲ್ಲಿ ಸಾಮಾನು ತುಂಬಿದ ಸೈಕಲ್ ಬಿಟ್ಟು ಹೋಗಬಹುದು. ನಾಂತ್, ಲಾ ರೊಶೆಲ್‌ನಂಥ ಊರಿನಲ್ಲಿ ಮೊದಲು ರೂಮಿಗೆ ಹೋಗಿ ಸಾಮಾನು ಇಳಿಸಿ, ಆಮೇಲೆ ಸುತ್ತಾಡಿ. ಗಟ್ಟಿ ಬೀಗ ಇರಲಿ.

ಒಬ್ಬರೇ ಹೋಗುವ ಹೆಣ್ಣುಮಕ್ಕಳು ಸುರಕ್ಷತೆ ಬಗ್ಗೆ ಕೇಳುತ್ತಾರೆ. ಹಗಲಲ್ಲಿ ಈ ದಾರಿಯಲ್ಲಿ ವಯಸ್ಸಾದ ದಂಪತಿಗಳು, ಮಕ್ಕಳೊಂದಿಗಿನ ಕುಟುಂಬಗಳು, ಒಂಟಿ ಹೆಂಗಸರು ಎಲ್ಲರೂ ಸಿಗುತ್ತಾರೆ. ಕಾಲುವೆ ದಂಡೆ ಕತ್ತಲಾದ ಮೇಲೆ ನಿರ್ಜನ. ಯಾರೇ ಆಗಲಿ, ಸಂಜೆ 6ರೊಳಗೆ ತಂಗುವ ಜಾಗ ಸೇರುವಂತೆ ದಿನ ಜೋಡಿಸಿಕೊಳ್ಳಿ.

ಮನೆಯಲ್ಲಿ ಒಬ್ಬರಿಗೆ ದಿನಾ ಎರಡು ಸಂದೇಶ ಕಳಿಸಿ, ಹೊರಟಾಗ ಒಂದು, ತಲುಪಿದಾಗ ಒಂದು. ಬೇಸಿಗೆಯಲ್ಲಿ ಭಾರತ ಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಸಂಜೆ 7 ಆದರೆ ಇಲ್ಲಿ ರಾತ್ರಿ ಹತ್ತೂವರೆ. ನಿಮ್ಮ ಸಂದೇಶಕ್ಕೆ ಅಮ್ಮ ನಿದ್ದೆಗೆಟ್ಟು ಕಾಯದಂತೆ ಹೊತ್ತು ಮೊದಲೇ ಮಾತಾಡಿಕೊಳ್ಳಿ. ತುರ್ತು ಕರೆಗೆ 112. ನಕ್ಷೆಯನ್ನು ನೆಟ್ ಇಲ್ಲದಾಗಲೂ ತೆರೆಯುವಂತೆ ಫೋನಿಗೆ ಇಳಿಸಿಟ್ಟುಕೊಳ್ಳಿ. ಫಲಕಗಳಲ್ಲಿ ಊರ ಹೆಸರು ಓದುವ ಹಾಗೆ ಇರುವುದಿಲ್ಲ, ಉಚ್ಚಾರವೇ ಬೇರೆ. ಅವತ್ತಿನ ಊರುಗಳ ಹೆಸರನ್ನು ಫ್ರೆಂಚ್ ಅಕ್ಷರದಲ್ಲೇ ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡರೆ ದಾರಿ ಕೇಳುವಾಗ ತೋರಿಸಬಹುದು.

ಲಾ ರೊಶೆಲ್‌ನಲ್ಲಿ ಇನ್ನೂ ದಿನ ಉಳಿದಿದ್ದರೆ ದಕ್ಷಿಣಕ್ಕೆ ರೋಶ್‌ಫೋರ್‌ವರೆಗೆ ತುಳಿಯಿರಿ. ಅಲ್ಲಿ 1900ರಲ್ಲಿ ಕಟ್ಟಿದ, ತೂಗುವ ತೊಟ್ಟಿಲಿನಲ್ಲಿ ನದಿ ದಾಟಿಸುವ ಸೇತುವೆ ಇದೆ. ಫ್ರಾನ್ಸಿನಲ್ಲಿ ಅಂಥದ್ದು ಉಳಿದಿರುವುದು ಅದೊಂದೇ. ಸೈಕಲ್ ಸಮೇತ ಹತ್ತಬಹುದು. ವಾಪಸ್ ಲಾ ರೊಶೆಲ್‌ಗೆ ತೆಎರ್ ರೈಲು ಸಿಗುತ್ತದೆ.